ಹಳೆಯ ಅಗ್ನಿ ಎಚ್ಚರಿಕೆ ವ್ಯವಸ್ಥೆ: ದುರಸ್ತಿಯೋ, ಬದಲಾವಣೆಯೋ?

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ರಸ್ತೆ, ನೀರು, ದಾರಿದೀಪಗಳ ನಡುವೆ ಎಂದಾದರೊಮ್ಮೆ ಇಂತಹ ಒಂದು ಸಾಲು ಕಾಣಿಸಿಕೊಳ್ಳುವುದುಂಟು: "ಸಮುದಾಯ ಭವನದ ಅಗ್ನಿ ಎಚ್ಚರಿಕೆ ವ್ಯವಸ್ಥೆ ಕೆಟ್ಟಿರುವ ಕುರಿತು." ಚರ್ಚೆ ಸಾಮಾನ್ಯವಾಗಿ ಐದು ನಿಮಿಷಕ್ಕೆ ಮುಗಿಯುತ್ತದೆ. ಒಬ್ಬರು ದುರಸ್ತಿ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊಸತೇ ಹಾಕಿಸಿ ಎನ್ನುತ್ತಾರೆ. ಕೊನೆಗೆ ದರಪಟ್ಟಿ ತರಿಸಿ ಮುಂದಿನ ಸಭೆಗೆ ಮಂಡಿಸುವುದೆಂದು ನಡಾವಳಿಯಲ್ಲಿ ಬರೆಯಲಾಗುತ್ತದೆ. ಆ ಮುಂದಿನ ಸಭೆಯವರೆಗೆ ಕಟ್ಟಡದಲ್ಲಿ ಮದುವೆಗಳು ನಡೆಯುತ್ತಲೇ ಇರುತ್ತವೆ. ಈ ನಿರ್ಣಯವನ್ನು ಯಾವ ಮಾಹಿತಿಯ ಆಧಾರದ ಮೇಲೆ, ಯಾವ ಕ್ರಮದಲ್ಲಿ ಕೈಗೊಳ್ಳಬೇಕೆಂಬುದೇ ಈ ಪಾಠದ ವಿಷಯ.

ಬಜಪೆಯ ಸುತ್ತಲಿನ ಪಂಚಾಯತಿಗಳಿಗೆ ಈ ವಿಷಯವು ಉಳಿದೆಡೆಗಿಂತ ಸ್ವಲ್ಪ ಹೆಚ್ಚೇ ಸಲ್ಲುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಓಡುಹಾದಿಯನ್ನು ದಾಟಿ ಕಮರಿಗೆ ಬಿದ್ದು ಹೊತ್ತಿ ಉರಿದು 158 ಮಂದಿ ಮೃತಪಟ್ಟ ದಿನವನ್ನು ಇಲ್ಲಿಯವರಿಗೆ ನೆನಪಿಸಬೇಕಾಗಿಲ್ಲ. ಬದುಕುಳಿದವರು ಎಂಟು ಮಂದಿ ಮಾತ್ರ. ಅಂದು ಸುತ್ತಲಿನ ಊರಿನ ಜನ ಸಹಾಯಕ್ಕೆ ಧಾವಿಸಿದರು. ಬೆಂಕಿಗೆ ನಿಮಿಷಗಳ ಲೆಕ್ಕವಿದೆ ಎಂಬುದನ್ನು ಈ ಊರು ಕಂಡು ಅರಿತಿದೆ. ವಿಮಾನ ನಿಲ್ದಾಣದಲ್ಲಿಯೇ ಅಗ್ನಿಶಾಮಕ ದಳವಿದೆಯಲ್ಲ, ನಮಗೇನು ಚಿಂತೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ದಳದ ಮೊದಲ ಹೊಣೆ ವಿಮಾನಗಳದು. ಅದರ ವಾಹನಗಳು ಹೊರಗೆ ಹೋದರೆ ನಿಲ್ದಾಣದ ಅಗ್ನಿರಕ್ಷಣಾ ದರ್ಜೆಯೇ ಇಳಿಯುತ್ತದೆ. ಆದ್ದರಿಂದ ಅದನ್ನು ನಮ್ಮ ಭವನದ ಕಾವಲೆಂದು ಎಣಿಸುವುದು ತರವಲ್ಲ. ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ವಾಹನವು ಕದ್ರಿಯಿಂದಲೋ ಪಾಂಡೇಶ್ವರದಿಂದಲೋ ಬರಬೇಕಾದರೆ ಹಲವು ಕಿಲೋಮೀಟರುಗಳ ಏರುದಾರಿಯನ್ನು ವಾಹನ ದಟ್ಟಣೆಯ ನಡುವೆ ಕ್ರಮಿಸಬೇಕು. ಅಷ್ಟು ಹೊತ್ತು ಜನರನ್ನು ಉಳಿಸತಕ್ಕದ್ದು ಎರಡೇ: ಬೇಗ ಕೇಳಿಸುವ ಗಂಟೆ, ತೆರೆದಿರುವ ಬಾಗಿಲು.

ಮೊದಲು ಪರೀಕ್ಷೆ, ಆಮೇಲೆ ದರಪಟ್ಟಿ

ನಮ್ಮಲ್ಲಿ ನಡೆಯುವ ಮೊದಲ ತಪ್ಪೆಂದರೆ, ವ್ಯವಸ್ಥೆಯನ್ನು ಮಾರುವವರನ್ನೇ ಕರೆದು ಅದಕ್ಕೆ ಏನಾಗಿದೆ ಎಂದು ಕೇಳುವುದು. ಉತ್ತರವನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಾಗಿಲ್ಲ. ದರಪಟ್ಟಿಗೆ ಮುಂಚೆ ಪಂಚಾಯತಿಯ ಕೈಯಲ್ಲಿ ಒಂದು ಪರೀಕ್ಷಾ ವರದಿ ಇರಬೇಕು. ಭಾರತೀಯ ಮಾನಕ ಐಎಸ್ 2189 ಎಂಬುದು ಸ್ವಯಂಚಾಲಿತ ಅಗ್ನಿ ಪತ್ತೆ ಮತ್ತು ಎಚ್ಚರಿಕೆ ವ್ಯವಸ್ಥೆಯ ಆಯ್ಕೆ, ಅಳವಡಿಕೆ ಹಾಗೂ ನಿರ್ವಹಣೆಯ ಸಂಹಿತೆಯಾಗಿದೆ. ಪರೀಕ್ಷೆಯು ಅದರ ಪ್ರಕಾರ ನಡೆಯಲಿ ಎಂದು ಕಾರ್ಯಾದೇಶದಲ್ಲಿ ಬರೆದರೆ ಅರ್ಧ ಕೆಲಸ ಆದಂತೆ.

ವ್ಯವಸ್ಥೆಯ ಅಂಗಗಳು ಐದು: ಹೊಗೆ ಅಥವಾ ಶಾಖವನ್ನು ಗುರುತಿಸುವ ಪತ್ತೆಕಾರಕಗಳು, ಗಾಜು ಒಡೆದು ಒತ್ತುವ ಕೆಂಪು ಪೆಟ್ಟಿಗೆಗಳು, ಗಂಟೆ ಅಥವಾ ಸೈರನ್‌ಗಳು, ಇವನ್ನು ಜೋಡಿಸುವ ತಂತಿ, ಇವೆಲ್ಲದರ ಮಿದುಳಾದ ನಿಯಂತ್ರಣ ಫಲಕ. ಫಲಕದೊಳಗೆ ಬ್ಯಾಟರಿಗಳಿವೆ. ಇವೆಲ್ಲಕ್ಕೂ ಒಂದೇ ಆಯುಷ್ಯವಿಲ್ಲ. ಬ್ಯಾಟರಿ ಮೂರರಿಂದ ಐದು ವರ್ಷ, ಹೊಗೆ ಪತ್ತೆಕಾರಕ ಸುಮಾರು ಹತ್ತು ವರ್ಷ, ಫಲಕ ಹದಿನೈದು ವರ್ಷದ ಆಸುಪಾಸು, ಒಳ್ಳೆಯ ಕೊಳವೆಯಲ್ಲಿ ಹಾಕಿದ ಒಣ ತಂತಿ ಅದಕ್ಕೂ ಹೆಚ್ಚು ಕಾಲ ಬಾಳುತ್ತವೆ. ಹೀಗಿರುವಾಗ "ವ್ಯವಸ್ಥೆ ಹಳೆಯದಾಯಿತು" ಎಂಬ ಒಂದೇ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಯಾವ ಅಂಗ ಹಳೆಯದಾಯಿತು ಎಂಬುದೇ ಪ್ರಶ್ನೆ.

ಸದಸ್ಯರು ತಾವೇ ನೋಡಬಹುದಾದ ಸಂಗತಿಗಳು ಕೆಲವಿವೆ. ಫಲಕದ ಮುಂದೆ ನಿಂತರೆ ಹಸಿರು ದೀಪ ವಿದ್ಯುತ್ ಇದೆಯೆಂದೂ, ಹಳದಿ ದೀಪ ದೋಷವಿದೆಯೆಂದೂ, ಕೆಂಪು ದೀಪ ಬೆಂಕಿಯ ಸೂಚನೆಯೆಂದೂ ತಿಳಿಯತಕ್ಕದ್ದು. ಅನೇಕ ಕಟ್ಟಡಗಳಲ್ಲಿ ಹಳದಿ ದೀಪ ವರ್ಷಗಳಿಂದ ಉರಿಯುತ್ತಿರುತ್ತದೆ; ಕಿರುಗುಟ್ಟುವ ಬಝರ್‌ಗೆ ಹತ್ತಿ ತುರುಕಿರುವುದೂ ಅಪರೂಪವಲ್ಲ. ಪತ್ತೆಕಾರಕವನ್ನು ಅದರ ತಳದಿಂದ ತಿರುಗಿಸಿ ತೆಗೆದರೆ ಹಿಂಬದಿಯಲ್ಲಿ ತಯಾರಿಕೆಯ ವರ್ಷ ಮುದ್ರಿತವಾಗಿರುವುದುಂಟು. ಅಳವಡಿಸಿದ ವರ್ಷಕ್ಕಿಂತ ಈ ವರ್ಷವೇ ಮುಖ್ಯ.

ಬ್ಯಾಟರಿಯ ಪರೀಕ್ಷೆ ಸರಳವಾದುದು, ಆದರೂ ಮಾಡುವವರು ವಿರಳ. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಫಲಕಕ್ಕೆ ಬರುವ ಮೆಸ್ಕಾಂ ವಿದ್ಯುತ್ತನ್ನು ಬಂದ್ ಮಾಡಬೇಕು. ಮರುದಿನ ಹತ್ತು ಗಂಟೆಗೆ ಗಂಟೆಗಳನ್ನೆಲ್ಲ ಒಟ್ಟಿಗೆ ಬಾರಿಸಬೇಕು. ಇಪ್ಪತ್ತನಾಲ್ಕು ಗಂಟೆ ಎಚ್ಚರವಿದ್ದು ಅನಂತರವೂ ಅರ್ಧ ಗಂಟೆ ಬಾರಿಸಬಲ್ಲ ಶಕ್ತಿ ಬ್ಯಾಟರಿಗೆ ಇರಬೇಕೆಂಬುದು ರೂಢಿಯ ಲೆಕ್ಕ. ಗಂಟೆ ಬಾರಿಸುವಾಗ ಸದಸ್ಯರಲ್ಲಿ ಒಬ್ಬರು ಶೌಚಾಲಯದೊಳಗೆ ಬಾಗಿಲು ಹಾಕಿಕೊಂಡು, ಇನ್ನೊಬ್ಬರು ಅಡುಗೆಮನೆಯಲ್ಲಿ, ಮತ್ತೊಬ್ಬರು ವೇದಿಕೆಯ ಹಿಂದಿನ ಬಣ್ಣದ ಕೋಣೆಯಲ್ಲಿ ನಿಂತು ಕೇಳಿಸಿತೇ ಎಂದು ಬರೆದುಕೊಳ್ಳಲಿ. ಕೇಳಿಸದಿದ್ದರೆ ಅದು ದುರಸ್ತಿಯ ವಿಷಯವಲ್ಲ; ಮೊದಲಿನಿಂದಲೂ ಅಳವಡಿಕೆ ಸಾಲದಾಗಿತ್ತು ಎಂದರ್ಥ.

ಉಳಿದ ಎರಡು ಪರೀಕ್ಷೆಗಳು ತಜ್ಞರದು. ಪ್ರತಿಯೊಂದು ಪತ್ತೆಕಾರಕಕ್ಕೂ ಪರೀಕ್ಷಾ ಹೊಗೆಯನ್ನು ಹಾಯಿಸಿ ನೋಡಬೇಕು. ಊದುಬತ್ತಿ, ಬೀಡಿಯ ಹೊಗೆಯಿಂದ ಪರೀಕ್ಷಿಸುವ ಅಭ್ಯಾಸ ಕೂಡದು. ಅದರ ಜಿಡ್ಡು ಒಳಗಿನ ಕೋಣೆಗೆ ಅಂಟಿಕೊಂಡು ಸರಿಯಿದ್ದುದೂ ಕೆಡುತ್ತದೆ. ಎರಡನೆಯದು ತಂತಿಯ ನಿರೋಧಕ ಪರೀಕ್ಷೆ. ಮೆಗ್ಗರ್ ಹಚ್ಚುವ ಮೊದಲು ಫಲಕವನ್ನೂ ಪತ್ತೆಕಾರಕಗಳನ್ನೂ ತಂತಿಯಿಂದ ಬೇರ್ಪಡಿಸಲೇಬೇಕು, ಇಲ್ಲದಿದ್ದರೆ ಆ ಉಪಕರಣದ ಅಧಿಕ ವೋಲ್ಟೇಜು ಅವನ್ನು ಸುಟ್ಟುಹಾಕುತ್ತದೆ. ಪರೀಕ್ಷೆಗೆ ಮುಂಚೆ ಸರಿಯಿದ್ದುದು ಪರೀಕ್ಷೆಯ ಅನಂತರ ಕೆಟ್ಟಿತು ಎಂಬ ದೂರು ಬಂದಾಗ ಇದನ್ನು ಮೊದಲು ವಿಚಾರಿಸುವುದು.

ಕರಾವಳಿಯ ಹವೆ

ತಯಾರಕರ ಪುಸ್ತಕದಲ್ಲಿರುವ ಆಯುಷ್ಯ ನಮ್ಮ ಊರಿನ ಆಯುಷ್ಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರೇ ತೂಗಾಡುತ್ತಿರುತ್ತದೆ. ಪತ್ತೆಕಾರಕದೊಳಗೆ ತೇವ ಸೇರಿದರೆ ಅದು ಹೊಗೆಯೆಂದು ಭ್ರಮಿಸುತ್ತದೆ. ತಿರುಪುಗಳಿಗೆ ಕಿಲುಬು ಹಿಡಿದರೆ ಸಂಪರ್ಕವೇ ತಪ್ಪುತ್ತದೆ. ಮಳೆಗಾಲದ ಮೊದಲ ಹುಳಗಳು, ಜೇಡ, ಇರುವೆ, ಹಲ್ಲಿಮರಿಗಳು ಆ ಪುಟ್ಟ ಜಾಲರಿಯೊಳಗೆ ಮನೆ ಮಾಡುತ್ತವೆ. ಬೆಳಕಿನ ಚದುರುವಿಕೆಯಿಂದ ಹೊಗೆಯನ್ನು ಗುರುತಿಸುವ ಪತ್ತೆಕಾರಕಕ್ಕೆ ಜೇಡದ ಎಳೆಗೂ ಹೊಗೆಗೂ ಭೇದ ತಿಳಿಯದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಬಜಪೆಯಂತಹ ತೆರೆದ ಮುರಕಲ್ಲಿನ ಗುಡ್ಡದ ಮೇಲೆ ಫಲಕದ ಎಲೆಕ್ಟ್ರಾನಿಕ್ ಬಿಲ್ಲೆಗಳಿಗೆ ದೊಡ್ಡ ವೈರಿ. ಮೆಟ್ಟಿಲಿನ ಕೆಳಗೆ ಗಾಳಿಯಾಡದ ಮೂಲೆಯಲ್ಲಿ ಫಲಕವಿದ್ದರೆ ಬ್ಯಾಟರಿಯ ಕಥೆ ಬೇರೆಯೇ ಆಗುತ್ತದೆ. ಈ ಬಗೆಯ ಬ್ಯಾಟರಿ 25 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದ್ದು. ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ.

ಇದರಿಂದ ತಿಳಿಯಬೇಕಾದುದು ಒಂದಿದೆ. ಮಳೆಗಾಲದಲ್ಲಿ ಮೂರು ಸಲ ಸುಳ್ಳು ಎಚ್ಚರಿಕೆ ಬಂದ ಮಾತ್ರಕ್ಕೆ ವ್ಯವಸ್ಥೆ ಮುಗಿಯಿತೆಂದು ತೀರ್ಮಾನಿಸಬಾರದು. ಪತ್ತೆಕಾರಕಗಳನ್ನು ತೆಗೆದು ಶುಚಿಗೊಳಿಸಿ, ತಳದ ತಿರುಪುಗಳನ್ನು ಬದಲಿಸಿ, ಫಲಕಕ್ಕೆ ಸಿಡಿಲು ನಿರೋಧಕ ಸಾಧನವನ್ನೂ ಸರಿಯಾದ ಭೂಸಂಪರ್ಕವನ್ನೂ ಕೊಟ್ಟರೆ ಎಂಟು ವರ್ಷದ ವ್ಯವಸ್ಥೆ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯಬಹುದು. ಹತ್ತು ಪತ್ತೆಕಾರಕಗಳಲ್ಲಿ ಅಡುಗೆಮನೆಯ ಬಳಿಯ ಎರಡೇ ತೊಂದರೆ ಕೊಡುತ್ತಿದ್ದರೆ ಅವನ್ನು ಶಾಖ ಗುರುತಿಸುವ ಬಗೆಗೆ ಬದಲಿಸಿದರೆ ಸಾಕು. ಒಣತ್ಯಾಜ್ಯ ವಿಂಗಡಿಸುವ ಶೆಡ್ಡಿನಲ್ಲಿಯೂ ಹಾಗೆಯೇ. ಧೂಳು ತುಂಬಿದ ಆ ಸ್ಥಳದಲ್ಲಿ ಹೊಗೆ ಪತ್ತೆಕಾರಕ ಹಾಕಿದ್ದೇ ಮೂಲ ದೋಷ. ಅಲ್ಲಿ ಶಾಖದ ಬಗೆಯೇ ತಕ್ಕದ್ದು, ತಗಡಿನ ಮಾಡಿನ ಕೆಳಗಾದರೆ ಅದರಲ್ಲಿಯೂ ಹೆಚ್ಚಿನ ಉಷ್ಣತೆಯ ದರ್ಜೆಯದನ್ನು ಆರಿಸಬೇಕು.

ಯಾವಾಗ ದುರಸ್ತಿ ಸಲ್ಲದು

ಬದಲಾವಣೆಯೇ ಸರಿಯೆಂದು ಹೇಳಬಹುದಾದ ಸಂದರ್ಭಗಳು ಅಷ್ಟೇನೂ ಹೆಚ್ಚಿಲ್ಲ. ಫಲಕದ ತಯಾರಕರು ಬಿಡಿಭಾಗಗಳನ್ನು ನಿಲ್ಲಿಸಿದ್ದಾರೆಂದು ಲಿಖಿತವಾಗಿ ತಿಳಿಸಿದ್ದರೆ ಅದು ಮೊದಲನೆಯದು. "ಸಿಗುವುದಿಲ್ಲ ಸ್ವಾಮಿ" ಎಂಬ ಬಾಯಿಮಾತು ಸಾಲದು, ಪತ್ರ ಬೇಕು. ತಂತಿಯ ನಿರೋಧಕ ಪರೀಕ್ಷೆ ಹಲವು ವಿಭಾಗಗಳಲ್ಲಿ ಒಟ್ಟಿಗೆ ಸೋತರೆ ಎರಡನೆಯದು. ಒದ್ದೆ ಗೋಡೆಯೊಳಗೆ ಕೊಳೆತ ತಂತಿಗೆ ಹೊಸ ಫಲಕ ಜೋಡಿಸುವುದು ಸೋರುವ ಕೊಡಕ್ಕೆ ಹೊಸ ಮುಚ್ಚಳ ತಂದಂತೆ. ಬಹುಪಾಲು ಪತ್ತೆಕಾರಕಗಳು ಹತ್ತು ವರ್ಷ ದಾಟಿ ಪರೀಕ್ಷಾ ಹೊಗೆಗೆ ಓಗೊಡದಿದ್ದರೆ ಮೂರನೆಯದು.

ನಾಲ್ಕನೆಯದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ: ಕಟ್ಟಡದ ಬಳಕೆಯೇ ಬದಲಾಗಿರುವುದು. ಹದಿನೈದು ವರ್ಷದ ಹಿಂದೆ ಬರಿಯ ಸಭಾಂಗಣವಾಗಿದ್ದ ಕಟ್ಟಡದಲ್ಲಿ ಇಂದು ಅರಿವು ಕೇಂದ್ರ, ಮೇಲೊಂದು ಸ್ವಸಹಾಯ ಸಂಘದ ಹೊಲಿಗೆ ಕೋಣೆ, ಹಿಂಬದಿಯಲ್ಲಿ ಕೂಸಿನ ಮನೆ ಇರಬಹುದು. ಪ್ಲೈವುಡ್ ಗೋಡೆ ಎಬ್ಬಿಸಿ ಒಂದು ಕೋಣೆಯನ್ನು ಮೂರು ಮಾಡಿದಾಗ ಪತ್ತೆಕಾರಕ ಇದ್ದುದು ಒಂದರಲ್ಲಿ ಮಾತ್ರ ಉಳಿಯುತ್ತದೆ. ಮೂರು ವರ್ಷದೊಳಗಿನ ಮಕ್ಕಳನ್ನು ಹೊರಗೆ ತರಲು ಒಬ್ಬೊಬ್ಬರಿಗೂ ಒಂದೊಂದು ಜೊತೆ ಕೈ ಬೇಕು. ಅಂತಹ ಕಟ್ಟಡದಲ್ಲಿ ಹಳೆಯದು ಪೂರ್ತಿ ಸುಸ್ಥಿತಿಯಲ್ಲಿದ್ದರೂ ಅದು ಇಂದಿನ ಕಟ್ಟಡದ ವ್ಯವಸ್ಥೆಯಲ್ಲ.

ಐದನೆಯದು ಜನರ ನಂಬಿಕೆ. ಅಮೆರಿಕದ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ 2000ನೇ ಇಸವಿಯ ಜನವರಿ 19ರ ನಸುಕಿನಲ್ಲಿ ಬೆಂಕಿ ಬಿದ್ದಾಗ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಹಿಂದಿನ ತಿಂಗಳುಗಳಲ್ಲಿ ಮೇಲಿಂದ ಮೇಲೆ ಸುಳ್ಳು ಗಂಟೆ ಕೇಳಿದ್ದ ವಿದ್ಯಾರ್ಥಿಗಳಲ್ಲಿ ಅನೇಕರು ಹಾಸಿಗೆ ಬಿಟ್ಟು ಏಳಲಿಲ್ಲ. ಮೂವರು ಸತ್ತರು. ನಮ್ಮ ಭವನದ ಗಂಟೆ ಬಾರಿಸಿದಾಗ ಜನ ಏಳುತ್ತಾರೋ, ಅಥವಾ ಕಾವಲುಗಾರನು ಫಲಕದತ್ತ ನಡೆದು ಗುಂಡಿ ಒತ್ತಿ ಸುಮ್ಮನಾಗಿಸುತ್ತಾನೋ? ಎರಡನೆಯದೇ ನಿಜವಾದರೆ, ಮತ್ತು ಶುಚಿಗೊಳಿಸಿದ ಮೇಲೂ ಸುಳ್ಳು ಎಚ್ಚರಿಕೆ ನಿಲ್ಲದಿದ್ದರೆ, ಆ ವ್ಯವಸ್ಥೆಯು ತಾಂತ್ರಿಕವಾಗಿ ಬದುಕಿದ್ದರೂ ಪ್ರಯೋಜನಕ್ಕೆ ಸತ್ತಿದೆ.

ಹೊಸತು ಎಂಬ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ 2019ರ ಏಪ್ರಿಲ್ 15ರಂದು ಪತ್ತೆಕಾರಕವು ತನ್ನ ಕೆಲಸ ಮಾಡಿತ್ತು. ಫಲಕದ ಸೂಚನೆಯನ್ನು ತಪ್ಪಾಗಿ ಗ್ರಹಿಸಿದ್ದರಿಂದ ಕಾವಲುಗಾರನು ಬೇರೆ ಕಟ್ಟಡದ ಅಟ್ಟಕ್ಕೆ ಹೋಗಿ ನೋಡಿ ಬಂದನು. ಸುಮಾರು ಅರ್ಧ ಗಂಟೆ ಕಳೆಯಿತು, ಶತಮಾನಗಳ ಹಳೆಯ ಮರದ ಮಾಡು ಬೂದಿಯಾಯಿತು. ನಮ್ಮ ಫಲಕದ ಮೇಲೆ "ವಲಯ 3" ಎಂದಷ್ಟೇ ಇದ್ದರೆ ರಾತ್ರಿಯ ಕಾವಲುಗಾರನಿಗೆ ಏನು ತಿಳಿದೀತು? "ಮೇಲಿನ ಮಹಡಿ, ಹೊಲಿಗೆ ಕೋಣೆ" ಎಂದು ಕನ್ನಡದಲ್ಲಿ ಬರೆದ ಚೀಟಿಗೂ ಪಕ್ಕದಲ್ಲಿ ತೂಗುಹಾಕಿದ ನಕ್ಷೆಗೂ ಖರ್ಚು ನೂರು ರೂಪಾಯಿ ಮೀರದು. ಇದನ್ನು ನಾಳೆಯೇ ಮಾಡಬಹುದು.

ಲೆಕ್ಕ ಹಾಕುವ ಬಗೆ

ಈಗ ಹಣದ ವಿಷಯ. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಸ್ಥಳೀಯ ದರಗಳನ್ನು ಹಾಕಿ ತಾವೇ ಲೆಕ್ಕ ಮಾಡಿಕೊಳ್ಳಬೇಕು. ಹದಿನಾಲ್ಕು ವರ್ಷದ ಒಂದು ವ್ಯವಸ್ಥೆಯ ದುರಸ್ತಿಗೆ ಹೊಸ ಬ್ಯಾಟರಿಯೂ ಸೇರಿ 85,000 ರೂಪಾಯಿ, ಹೊಸತಕ್ಕೆ 3,20,000 ರೂಪಾಯಿ ಎಂದು ದರಪಟ್ಟಿ ಬಂದಿದೆ ಎನ್ನೋಣ. ಇಷ್ಟನ್ನೇ ನೋಡಿದರೆ ದುರಸ್ತಿಯೇ ಸುಲಭ. ಹತ್ತು ವರ್ಷದ ಅವಧಿಗೆ ಹಿಗ್ಗಿಸಿ ನೋಡೋಣ.

ಇಂದೇ ಹೊಸತು ಹಾಕಿದರೆ ವರ್ಷಕ್ಕೆ 15,000ದಂತೆ ನಿರ್ವಹಣಾ ಒಪ್ಪಂದಕ್ಕೆ 1,50,000, ಎರಡು ಸಲ ಬ್ಯಾಟರಿಗೆ 12,000. ಒಟ್ಟು 4,82,000 ರೂಪಾಯಿ. ದುರಸ್ತಿ ಮಾಡಿಸಿ ನಾಲ್ಕು ವರ್ಷ ತಳ್ಳಿದರೆ, ಹಳೆಯದರ ನಿರ್ವಹಣೆ ದುಬಾರಿಯಾದ್ದರಿಂದ ವರ್ಷಕ್ಕೆ 28,000ದಂತೆ 1,12,000. ಅನಂತರ ಹೇಗೂ ಹೊಸತಕ್ಕೆ 3,20,000. ಉಳಿದ ಆರು ವರ್ಷದ ನಿರ್ವಹಣೆಗೆ 90,000, ಬ್ಯಾಟರಿಗೆ 6,000. ಮೊದಲ 85,000 ಸೇರಿ ಒಟ್ಟು 6,13,000 ರೂಪಾಯಿ. ವ್ಯತ್ಯಾಸ 1,31,000. ಹೊಸತೇ ಲಾಭವೆಂದು ಇಲ್ಲಿಗೆ ಲೆಕ್ಕ ನಿಲ್ಲಿಸುವವರಿದ್ದಾರೆ. ಮಾರಾಟಗಾರರ ಕೈಪಿಡಿಯೂ ಇಲ್ಲಿಗೇ ನಿಲ್ಲುತ್ತದೆ. ಆದರೆ ಎರಡನೆಯ ದಾರಿಯಲ್ಲಿ ಹತ್ತನೆಯ ವರ್ಷದ ಕೊನೆಗೆ ನಮ್ಮ ಬಳಿ ಇರುವುದು ಆರೇ ವರ್ಷ ಹಳೆಯದಾದ ವ್ಯವಸ್ಥೆ. ಹತ್ತು ವರ್ಷದ ಆಯುಷ್ಯದಲ್ಲಿ ನಾಲ್ಕು ವರ್ಷ ಇನ್ನೂ ಉಳಿದಿದೆ ಎಂದು ಹಿಡಿದರೆ ಅದರ ಬೆಲೆ 1,28,000. ಅದನ್ನು ಕಳೆದರೆ 4,85,000. ಎರಡೂ ದಾರಿಗಳು ಹೆಚ್ಚುಕಡಿಮೆ ಸಮಸಮ. ಬೆಲೆಯೇರಿಕೆಯನ್ನು ಸೇರಿಸಿದರೆ ತಕ್ಕಡಿ ಹೊಸತರ ಕಡೆಗೆ ಇನ್ನಷ್ಟು ವಾಲಬಹುದು, ಅಷ್ಟೆ.

ಹಣವು ತೀರ್ಪು ಕೊಡದಿರುವಾಗ ಉಳಿಯುವುದು ಆ ನಾಲ್ಕು ವರ್ಷಗಳು. ಆ ಅವಧಿಯಲ್ಲಿ ಯಾವ ವ್ಯವಸ್ಥೆಯ ಕೆಳಗೆ ಜನರನ್ನು ಕೂರಿಸುತ್ತೇವೆ ಎಂಬುದೇ ನಿಜವಾದ ಪ್ರಶ್ನೆ. ಪರೀಕ್ಷಾ ವರದಿಯಲ್ಲಿ ದೋಷವು ಬ್ಯಾಟರಿ, ಧೂಳು, ಒಂದೆರಡು ತಂತಿಗಳಿಗೆ ಸೀಮಿತವಾಗಿದ್ದರೆ ದುರಸ್ತಿ ಮಾಡಿಸಿ ಹಣವನ್ನು ಬೇರೆ ಕೆಲಸಕ್ಕೆ ಉಳಿಸುವುದು ತಪ್ಪಲ್ಲ. ದೋಷವು ಫಲಕದಲ್ಲಿದ್ದು ಬಿಡಿಭಾಗ ಸಿಗದಿದ್ದರೆ ನಾಲ್ಕು ವರ್ಷ ತಳ್ಳುವ ಯೋಜನೆ ಮೊದಲ ಸಿಡಿಲಿಗೇ ಮುರಿದೀತು.

ನಡುವಿನ ದಾರಿಯೂ ಒಂದಿದೆ. ವಲಯವಾರು ತಂತಿಯ ಹಳೆಯ ಬಗೆಯ ವ್ಯವಸ್ಥೆಯಲ್ಲಿ, ತಂತಿ ಪರೀಕ್ಷೆಯಲ್ಲಿ ಗೆದ್ದಿದ್ದರೆ, ಈ ವರ್ಷ ಫಲಕ, ಬ್ಯಾಟರಿ, ಗಂಟೆಗಳನ್ನೂ ಮುಂದಿನ ವರ್ಷ ಪತ್ತೆಕಾರಕಗಳನ್ನೂ ಬದಲಿಸಬಹುದು. ಹಳೆಯ ಪತ್ತೆಕಾರಕಗಳು ಹೊಸ ಫಲಕಕ್ಕೆ ಹೊಂದುತ್ತವೆಯೆಂದು ಸರಬರಾಜುದಾರರು ಬರೆದುಕೊಡಬೇಕು. ಪ್ರತಿ ಪತ್ತೆಕಾರಕಕ್ಕೂ ಪ್ರತ್ಯೇಕ ವಿಳಾಸವಿರುವ ಹೊಸ ಬಗೆಯಲ್ಲಿ ಇದು ಸಾಮಾನ್ಯವಾಗಿ ಸಾಧ್ಯವಾಗದು. ಒಂದು ಕಂಪೆನಿಯ ಪತ್ತೆಕಾರಕದ ಭಾಷೆ ಇನ್ನೊಂದು ಕಂಪೆನಿಯ ಫಲಕಕ್ಕೆ ಅರ್ಥವಾಗುವುದಿಲ್ಲ. ಈ ಬಗೆಯನ್ನು ಕೊಳ್ಳುವುದೆಂದರೆ ಮುಂದಿನ ಹದಿನೈದು ವರ್ಷ ಒಂದೇ ಅಂಗಡಿಯ ಬಾಗಿಲು ತಟ್ಟುವುದೆಂದು ತಿಳಿದೇ ಕೊಳ್ಳಬೇಕು. ಎಂಟು ಹತ್ತು ಕೋಣೆಗಳ ಪಂಚಾಯತಿ ಕಟ್ಟಡಕ್ಕೆ ವಲಯವಾರು ಬಗೆಯೇ ಸಾಕೆಂಬುದು ನಮ್ಮ ಅಭಿಪ್ರಾಯ. ದೊಡ್ಡ ವಾಣಿಜ್ಯ ಸಂಕೀರ್ಣದ ಮಾತು ಬೇರೆ.

ತೀರಾ ಸಣ್ಣ ಒಂದಂತಸ್ತಿನ ಕಚೇರಿಗಳಲ್ಲಿ ಕೈಯಿಂದ ಒತ್ತುವ ಎಚ್ಚರಿಕೆ ಪೆಟ್ಟಿಗೆ, ಒಳ್ಳೆಯ ಗಂಟೆ, ತುಂಬಿದ ನಂದಕಗಳು ಸಾಕಾಗಬಹುದು. ಆದರೆ ಸ್ವಯಂಚಾಲಿತ ವ್ಯವಸ್ಥೆಯು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಷರತ್ತಾಗಿದ್ದರೆ ಇಲಾಖೆಯ ಒಪ್ಪಿಗೆಯಿಲ್ಲದೆ ಅದನ್ನು ತೆಗೆಯುವಂತಿಲ್ಲ. ಒಪ್ಪಿಗೆ ದೊರೆತು ತೆಗೆಯುವುದಾದರೆ ಪೂರ್ತಿ ತೆಗೆಯಬೇಕು. ಮಾಡಿನಲ್ಲಿ ಸತ್ತ ಪತ್ತೆಕಾರಕವನ್ನು ಉಳಿಸಿದರೆ ನೋಡಿದವರು ಅದನ್ನು ನಂಬಿ ಕೂರುತ್ತಾರೆ.

ಸಭೆ, ಟೆಂಡರು, ಹಳೆಯ ವಸ್ತು

ಮೊದಲು ಕಟ್ಟಡ ಯಾರದೆಂದು ನೋಡಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಶಾಲೆ, ವಿದ್ಯಾರ್ಥಿನಿಲಯಗಳಾದರೆ ಪರೀಕ್ಷಾ ವರದಿಯೊಂದಿಗೆ ಸಂಬಂಧಿಸಿದ ಇಲಾಖೆಗೆ ಬರೆಯುವುದೇ ಕ್ರಮ. ಪಂಚಾಯತಿಯ ಸ್ವಂತ ಕಟ್ಟಡವಾದರೆ ಅಂದಾಜು ಪಟ್ಟಿಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ತಾಂತ್ರಿಕ ಮಂಜೂರಾತಿ ಪಡೆದು ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು. ವರ್ಷವರ್ಷವೂ ಬರುವ ನಿರ್ವಹಣಾ ವೆಚ್ಚವನ್ನು ಸ್ವಂತ ಸಂಪನ್ಮೂಲದಲ್ಲಿ ಕಾಯ್ದಿರಿಸುವುದು ಉತ್ತಮ. ಭವನದ ಬಾಡಿಗೆಯೇ ಅದಕ್ಕೆ ಸಹಜವಾದ ಮೂಲ.

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಡುತ್ತದೆ. ಮಿತಿಯೊಳಗೆ ತರಲೆಂದು ಫಲಕವನ್ನೊಂದು, ಪತ್ತೆಕಾರಕವನ್ನೊಂದು ಬಿಲ್ಲಾಗಿ ಒಡೆಯುವುದು ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಗೆ ಗುರಿಯಾಗುತ್ತದೆ. ಎರಡು ವರ್ಷಗಳಲ್ಲಿ ಹಂತಹಂತವಾಗಿ ಮಾಡುವುದಾದರೂ ಒಂದೇ ಕಾಮಗಾರಿಯಾಗಿ ಅನುಮೋದನೆ ಪಡೆಯಬೇಕು. ಟೆಂಡರಿನಲ್ಲಿ ಕಂಪೆನಿಯ ಹೆಸರಿನ ಬದಲು ಮಾನಕವನ್ನು ಬರೆಯಬೇಕು. ಉಪಕರಣದ ದರದ ಜೊತೆಗೇ ಐದು ವರ್ಷದ ನಿರ್ವಹಣಾ ದರವನ್ನೂ ಕೇಳಿ ಎರಡನ್ನೂ ಕೂಡಿಸಿ ತುಲನೆ ಮಾಡಬೇಕು. ಇಲ್ಲದಿದ್ದರೆ ಕಡಿಮೆ ಬೆಲೆಗೆ ಫಲಕ ಮಾರಿ ನಿರ್ವಹಣೆಯಲ್ಲಿ ವಸೂಲು ಮಾಡುವವರಿಗೆ ಬಾಗಿಲು ತೆರೆದಂತೆ. ಮತ್ತೊಂದು ಚಿಕ್ಕ ವಿಷಯ: ಫಲಕದ ಗುಪ್ತಪದ, ವಲಯಗಳ ನಕ್ಷೆ, ತಂತಿಯ ನಕ್ಷೆಗಳನ್ನು ಅಭಿವೃದ್ಧಿ ಅಧಿಕಾರಿಯವರಿಗೆ ಹಸ್ತಾಂತರಿಸಿದ ಮೇಲೆಯೇ ಕೊನೆಯ ಕಂತು ಪಾವತಿ ಎಂಬ ಷರತ್ತಿರಲಿ. ಗುಪ್ತಪದ ಗುತ್ತಿಗೆದಾರರ ಬಳಿ ಉಳಿದರೆ ವ್ಯವಸ್ಥೆಯೂ ಅವರದೇ ಆಗಿ ಉಳಿಯುತ್ತದೆ.

ತೆಗೆದ ಹಳೆಯ ಪತ್ತೆಕಾರಕಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳ ಹಿಂಬದಿಯನ್ನು ನೋಡತಕ್ಕದ್ದು. ಅಯೊನೈಸೇಷನ್ ಬಗೆಯವಾದರೆ ಮೂರೆಲೆಯ ವಿಕಿರಣ ಚಿಹ್ನೆ ಇರುತ್ತದೆ. ಅದರೊಳಗೆ ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತು ಅತ್ಯಲ್ಪ ಪ್ರಮಾಣದಲ್ಲಿದೆ. ಮಾಡಿನಲ್ಲಿದ್ದಾಗ ಅದರಿಂದ ಅಪಾಯವಿಲ್ಲ. ಒಡೆದು ಬಿಚ್ಚಿದರೆ ಅಪಾಯವುಂಟು, ಮತ್ತು ಅದರ ಅರ್ಧಾಯುಷ್ಯ ಸುಮಾರು 432 ವರ್ಷ. ಇವು ನಮ್ಮ ಒಣತ್ಯಾಜ್ಯ ಘಟಕಕ್ಕೆ ಬಂದರೆ ಬಿಚ್ಚುವ ಕೈಗಳು ನಮ್ಮದೇ ಊರಿನ ಮಹಿಳೆಯರದು. ಆದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಅವನ್ನು ಸರಬರಾಜುದಾರರಿಗೇ ಹಿಂದಿರುಗಿಸಿ ಸ್ವೀಕೃತಿ ಪಡೆಯಬೇಕು. ಬ್ಯಾಟರಿಗಳು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆಯೂ ಉಳಿದ ಉಪಕರಣಗಳು ಅದೇ ವರ್ಷದ ಇ-ತ್ಯಾಜ್ಯ ನಿಯಮಗಳಂತೆಯೂ ವಿಲೇವಾರಿಯಾಗಬೇಕು.

ನಿರ್ಣಯದಿಂದ ಅಳವಡಿಕೆಯವರೆಗೆ ಕೆಲವು ತಿಂಗಳು ಹಿಡಿಯುವುದು ಖಂಡಿತ. ಆ ಅವಧಿಗೆ ಸಭೆಯು ಪ್ರತ್ಯೇಕ ನಿರ್ಣಯ ಕೈಗೊಳ್ಳಬೇಕು: ವ್ಯವಸ್ಥೆ ಕೆಲಸ ಮಾಡುತ್ತಿಲ್ಲವೆಂಬ ಫಲಕವನ್ನು ಪ್ರವೇಶದ್ವಾರದಲ್ಲಿ ಹಾಕುವುದು, ಪ್ರತಿ ಕಾರ್ಯಕ್ರಮದ ವೇಳೆ ಕೈಗಂಟೆಯೊಂದಿಗೆ ಒಬ್ಬ ಕಾವಲುಗಾರ ಅಡುಗೆಮನೆಯಿಂದ ಮೇಲಿನ ಮಹಡಿಯವರೆಗೆ ಸುತ್ತುತ್ತಿರುವುದು, ಎರಡೂ ಬಾಗಿಲುಗಳ ಬೀಗ ತೆಗೆದಿರುವುದನ್ನು ಬಾಡಿಗೆ ರಸೀದಿ ಕೊಡುವಾಗಲೇ ಖಾತ್ರಿಪಡಿಸಿಕೊಳ್ಳುವುದು, ರಾತ್ರಿ ಜನ ಮಲಗುವ ಕಾರ್ಯಕ್ರಮಗಳಿಗೆ ಭವನವನ್ನು ಕೊಡದಿರುವುದು, 101 ಮತ್ತು 112 ಸಂಖ್ಯೆಗಳನ್ನು ದೊಡ್ಡದಾಗಿ ಬರೆಸುವುದು. ಹೊಸ ವ್ಯವಸ್ಥೆ ಬಂದ ಮೇಲೆ ವರ್ಷಕ್ಕೆ ಎರಡು ಸಲ, ಅಂದರೆ ಸಿಡಿಲು ಮಳೆಗೆ ಮುಂಚೆ ಮಾರ್ಚ್ ತಿಂಗಳಲ್ಲಿ ಮತ್ತು ಮಳೆಗಾಲ ಕಳೆದು ಅಕ್ಟೋಬರ್ ತಿಂಗಳಲ್ಲಿ, ಪೂರ್ಣ ಪರೀಕ್ಷೆ ನಡೆಸಿ ದಿನಾಂಕ, ಬಾರಿಸಿದ ಗಂಟೆಗಳ ಸಂಖ್ಯೆ, ಓಗೊಡದ ಪತ್ತೆಕಾರಕಗಳ ಸ್ಥಳ, ಪರೀಕ್ಷಿಸಿದವರ ಸಹಿಯನ್ನು ಒಂದು ವಹಿಯಲ್ಲಿ ದಾಖಲಿಸುವುದು. ಸದರಿ ವಹಿಯನ್ನು ಫಲಕದ ಪಕ್ಕದಲ್ಲಿಯೇ ಇಡತಕ್ಕದ್ದು.